ಬೇಲಿಯಾಚೆ ಏನು ಕಾಣುತ್ತದೆ?

ಕೆಲಗೇರಿ ಕೆರೆಯ ಆಸುಪಾಸಿನಲ್ಲಿ ತುಂಡು ಹೊಲ ಹಿಡಿದು ಒಂದು ಕುದುರೆ ಕಟ್ಟಿರುವ ಗೆಳೆಯರು ಈಚೆಗೆ ಸುತ್ತಲೂ ಎಂಟಡಿ ತಗಡು ಹೊಡೆಸಿದರು. ‘ಹೊರಗಿಂದು ಕಾಣದಿದ್ರ ಶಾಂತ ಇರ್ತದ್ರೀ’ ಎಂಬುದು ಅವರ ಲೆಕ್ಕ. ಆಗಿದ್ದೇ ಬೇರೆ. ಲಾಯದಿಂದ ಬಿಟ್ಟ ಕೂಡಲೇ ತಗಡಿನ ಗುಂಟ ಅತ್ತಿಂದಿತ್ತ ಓಡಾಟ ಶುರು. ಮೂಲೆಯಲ್ಲಿ ದಿನವೂ ಒಂದೇ ಜಾಗದಲ್ಲಿ ಹೊರಳಿ ಹೊರಳಿ ಮಣ್ಣು ಗೇಣುದ್ದ ಕುಸಿದಿತ್ತು; ಹಾಕಿದ ಹುಲ್ಲು ಹಾಗೇ ಇತ್ತು.

ಕುದುರೆಯ ಕಣ್ಣು ತಲೆಯ ಎರಡೂ ಬದಿಗಿದೆ. ಮೂಗಿನ ಮುಂದೆ, ಬಾಲದ ಹಿಂದೆ ಒಂದಿಷ್ಟು ಬಿಟ್ಟರೆ ಸುತ್ತ ಸುಮಾರು 350 ಡಿಗ್ರಿ ಕಾಣುತ್ತದೆ. ಹಿಂಡಿನ ಪ್ರಾಣಿ, ಬೇಟೆಗೆ ಸಿಗುವ ಪ್ರಾಣಿ. ತಗಡಿನಾಚೆ ಸಪ್ಪಳ ಕೇಳಿ, ಸಪ್ಪಳ ಮಾಡಿದವರು ಕಾಣದಿದ್ದರೆ ಅದಕ್ಕೆ ನೆಮ್ಮದಿ ಹೇಗೆ ಬಂದೀತು? ಬಯಲಲ್ಲಿ ದಿನಕ್ಕೆ ಹದಿನಾರು ತಾಸಿನವರೆಗೂ ಮೇಯುವ ಕುದುರೆಯನ್ನು ಲಾಯದಲ್ಲಿ ಒಂಟಿಯಾಗಿ ನಿಲ್ಲಿಸಿದರೆ ಕೆಲವು ತೂಗಾಡುತ್ತವೆ, ಕೆಲವು ಕಟ್ಟಿಗೆಗೆ ಮುಂಬಲ್ಲು ಊರಿ, ಕತ್ತು ಬಿಗಿದು ‘ಗಕ್’ ಎಂದು ಗಾಳಿ ಎಳೆಯುತ್ತವೆ. ಇಂಗ್ಲೆಂಡಿನಲ್ಲಿ ತೂಗಾಡುವ ಕುದುರೆಗಳ ಲಾಯದಲ್ಲಿ ಕನ್ನಡಿ ತೂಗುಹಾಕಿ ನೋಡಿದ್ದಾರೆ, ತೂಗಾಟ ತಗ್ಗಿತು! ತನ್ನಂಥದ್ದೊಂದು ಮುಖ ಕಂಡರೆ ಸಾಕು ಅದಕ್ಕೆ. ಪಕ್ಕದ ಹೊಲದ ಎಮ್ಮೆಗಳ ಕಡೆಯ ತಗಡನ್ನಾದರೂ ಬಿಚ್ಚಿಸಿ ಎಂದೆ. ಬಿಚ್ಚಿಸಿದರು. ಓಡಾಟ ಪೂರಾ ನಿಂತಿಲ್ಲ, ಆದರೆ ಈಗ ಮೇಯುತ್ತದೆ. ಜೊತೆಗೆ ಇನ್ನೊಂದು ಕುದುರೆ ಬರುವ ತನಕ ಇಷ್ಟೇ.

ಹಾಗೆಂದು ಮುಳ್ಳುತಂತಿ ಬೇಡವೇ ಬೇಡ. ಬೆದರಿ ಓಡುವ ಕುದುರೆಗೆ ತೆಳು ತಂತಿ ಕಾಣುವುದಿಲ್ಲ, ಕಾಲು ಸಿಕ್ಕಿತೆಂದರೆ ಜಗ್ಗುತ್ತದೆ, ಚರ್ಮ ಸೀಳುತ್ತದೆ. ನಾಲ್ಕೂವರೆ, ಐದಡಿಯ ಮರದ ಅಡ್ಡಪಟ್ಟಿ ಒಳ್ಳೆಯದು. ಕೆಂಪು-ಹಸಿರಿನ ಭೇದ ಅದಕ್ಕೆ ತಿಳಿಯದು. ಹುಲ್ಲಿನ ನಡುವೆ ಹಸಿರು ಪೈಪು ಕಣ್ಣಿಗೆ ಬೀಳುವುದೂ ಕಷ್ಟ. ಬಿಳಿ ಬಳಿಸಿ. ಗಂಡುಕುದುರೆಯಾದರೆ ಬೇಲಿ ಇನ್ನೂ ಎತ್ತರ ಬೇಕು, ನೆರೆಯ ಕುದುರೆಗೂ ಅದಕ್ಕೂ ನಡುವೆ ಓಣಿ ಬಿಟ್ಟು ಜೋಡಿ ಬೇಲಿ ಹಾಕಬೇಕು.

ಹಂದಿ ಕಾಟಕ್ಕೆಂದು ಹೊಲಕ್ಕೆ ಸೋಲಾರ್ ಬೇಲಿ ಹಾಕುವವರು, ಕುದುರೆಗೂ ಅದೇ ನಡೆಯುತ್ತದಲ್ಲ ಎನ್ನುತ್ತಾರೆ. ನಡೆಯುತ್ತದೆ, ಜಾಗವಿದ್ದರೆ. ಸ್ವಿಟ್ಜರ್ಲೆಂಡಿನಲ್ಲಿ ಪರೀಕ್ಷಿಸಿದಾಗ ಕುದುರೆಗಳಲ್ಲಿ ಒತ್ತಡವೇನೂ ಹೆಚ್ಚಲಿಲ್ಲ, ಆದರೆ ಚಿಕ್ಕ ಆವರಣದಲ್ಲಿ ಕರೆಂಟ್ ತಂತಿಯ ಅಂಚಿನಿಂದ ದೂರವೇ ಉಳಿದವು. ಟಿಪ್ಪುವಿನ ಕಾಲದ ಕುಣಿಗಲ್ ಕುದುರೆ ಫಾರ್ಮಿನಂಥ ನೂರಾರು ಎಕರೆಯಲ್ಲಿ ಅಂಚು ಹೋದರೆ ಹೋಯಿತು. ಹತ್ತು ಗುಂಟೆಯಲ್ಲಿ ಉಳಿಯುವುದೇನು?

ನಮ್ಮ ಕಡೆ ಹೂವಿಗೆಂದು ಬೇಲಿಗೆ ಕಣಗಿಲ ಹಚ್ಚುವುದುಂಟು. ಕುದುರೆ ಇರುವಲ್ಲಿ ಅದನ್ನು ಬುಡಸಮೇತ ಕೀಳಿಸಿ. ಕೆಲವೇ ಎಲೆ ಸಾಕು, ಎದೆಬಡಿತವೇ ತಪ್ಪುತ್ತದೆ. ಒಣಗಿದರೂ ವಿಷ ಹೋಗದು. ಕಡಿದ ರೆಂಬೆಗಳನ್ನು ಅಲ್ಲೇ ರಾಶಿ ಹಾಕಬೇಡಿ.