ಅರವತ್ತನಾಲ್ಕು ಮನೆಯ ಕಚೇರಿ: ನಿವೃತ್ತ ಚದುರಂಗ ರಸಿಕರಿಗೊಂದು ಕೈಪಿಡಿ

ಬೆಂಗಳೂರಿನ ಚಾಮರಾಜಪೇಟೆಯಲ್ಲಿ ರಾಮನವಮಿಯ ಸಂಗೀತ ಕಚೇರಿಗಳು ನಡೆಯುವಾಗ, ಮುಂದಿನ ಸಾಲಿನಲ್ಲಿ ತೊಡೆ ತಟ್ಟಿಕೊಂಡು ತಾಳ ಹಾಕುವ ಹಿರಿಯರನ್ನು ಯಾರೂ ‘ನೀವು ಹಾಡ್ತೀರಾ?’ ಎಂದು ಕೇಳುವುದಿಲ್ಲ. ಕೇಳಲು ಬಂದಿದ್ದಾರೆ, ಕೇಳಿ ತಲೆದೂಗುತ್ತಿದ್ದಾರೆ, ಅಷ್ಟು ಸಾಕು. ಅದೇ ಹಿರಿಯರು ತಮಗೆ ಚದುರಂಗ ಇಷ್ಟ ಎಂದು ಬಾಯಿ ಬಿಟ್ಟರೆ ಮಾತ್ರ ಪ್ರಶ್ನೆ ತಯಾರು: ‘ಯಾರನ್ನು ಸೋಲಿಸಿದ್ದೀರಿ ಸಾರ್?’ ನಿವೃತ್ತ ಹವ್ಯಾಸಿಯ ಬಳಿ ಇದಕ್ಕೆ ಹೇಳಿಕೊಳ್ಳುವಂಥ ಉತ್ತರ ಇರುವುದಿಲ್ಲ. ಬೇಸಿಗೆ ಶಿಬಿರಕ್ಕೆ ಹೋಗಿ ಬಂದ ಮೊಮ್ಮಗಳು ಮೊನ್ನೆ ತಾನೆ ಅವರ ರಾಜನನ್ನು ಇಪ್ಪತ್ತು ನಡೆಯೊಳಗೆ ಮೂಲೆಗೆ ಕಟ್ಟಿಹಾಕಿ, ‘ಇನ್ನೊಂದ್ಸಲ ಆಡೋಣ್ವಾ ತಾತ?’ ಎಂದಿರುತ್ತಾಳೆ.

ಚದುರಂಗವನ್ನೂ ಕಚೇರಿಯಂತೆ ಕೂತು ಸವಿಯಬಹುದು. ಗೆಲ್ಲಲೇಬೇಕೆಂಬ ಹಟ ಸಂಬಳದ ಜೊತೆಗೇ ನಿಂತುಹೋದ ಮೇಲೆ ಈ ಸವಿ ಇನ್ನೂ ಸಲೀಸು. ಅದಕ್ಕೆ ಬೇಕಾದ ಸರಂಜಾಮು ಬಹಳ ಕಡಿಮೆ: ಒಂದು ಹಾಸು, ಮೂವತ್ತೆರಡು ಕಾಯಿ, ಓದುವ ಕನ್ನಡಕ, ಒಂದು ನೋಟ್‌ಬುಕ್ಕು, ಮತ್ತು ಅವಸರವಿಲ್ಲದ ಬೆಳಗಿನ ಹೊತ್ತು.

ಮೊದಲು ಹೆಸರಿನ ಜಗಳ

ಹೊಸಬರಿಗೆ ಮೊದಲ ತಮಾಷೆ ಸಿಗುವುದು ಕಾಯಿಗಳ ಹೆಸರಿನಲ್ಲೇ. ಯುರೋಪಿನವರ ರಾಣಿ ನಮ್ಮ ಹಿರಿಯರ ಬಾಯಲ್ಲಿ ಮಂತ್ರಿ. ಅವರ ಬಿಷಪ್ಪು ನಮ್ಮಲ್ಲಿ ಒಂಟೆ. ಮೂಲೆಯ ಕಾಯಿ ಕೆಲವು ಮನೆಗಳಲ್ಲಿ ಆನೆ, ಕೆಲವು ಮನೆಗಳಲ್ಲಿ ರಥ. ಇಲ್ಲಿ ಆನೆ ಎಂದೇ ಇಟ್ಟುಕೊಳ್ಳೋಣ. ಅಜ್ಜನಿಂದ ಆಟ ಕಲಿತವರಲ್ಲಿ ನಿಯಮದ ಜಗಳವೂ ಉಂಟು. ಹಳೆಯ ದೇಸಿ ಪದ್ಧತಿಯಲ್ಲಿ ಕಾಲಾಳು ಮೊದಲ ನಡೆಯಲ್ಲೂ ಒಂದೇ ಮನೆ ಮುಂದೆ ಹೋಗುತ್ತಿದ್ದ. ರಾಜನಿಗೆ ಆಟದಲ್ಲಿ ಒಂದೇ ಒಂದು ಸಲ ಕುದುರೆಯಂತೆ ಜಿಗಿಯುವ ಸವಲತ್ತಿತ್ತು. ಇಂಥ ದೇಸಿ ಆಟದಲ್ಲಿ ಪಳಗಿ ಆಮೇಲೆ ಯುರೋಪಿನ ನಿಯಮ ಕಲಿತ ಪಂಜಾಬಿನ ಮೀರ್ ಸುಲ್ತಾನ್ ಖಾನ್ 1929, 1932 ಮತ್ತು 1933ರಲ್ಲಿ ಬ್ರಿಟಿಷ್ ಚಾಂಪಿಯನ್ ಆದರು. ಹೇಸ್ಟಿಂಗ್ಸ್‌ನಲ್ಲಿ ಮಾಜಿ ವಿಶ್ವ ಚಾಂಪಿಯನ್ ಕಾಪಾಬ್ಲಾಂಕನನ್ನೇ ಸೋಲಿಸಿದರು. ಆದ್ದರಿಂದ ‘ತಾತ, ನಿಮ್ಮ ರೂಲ್ಸೇ ತಪ್ಪು’ ಎನ್ನುವ ಮೊಮ್ಮಗಳಿಗೆ ಉತ್ತರವಾಗಿ ಈ ಒಂದು ಹೆಸರು ನೆನಪಿರಲಿ.

ಮನೆಗಳ ವಿಳಾಸ ಸುಲಭ. ಬಿಳಿಯ ಕಡೆ ಕೂತವರಿಗೆ ಎಡದಿಂದ ಬಲಕ್ಕೆ ಎ, ಬಿ, ಸಿ, ಡಿ, ಇ, ಎಫ್, ಜಿ, ಎಚ್ ಎಂಬ ಎಂಟು ಸಾಲು. ತಮ್ಮಿಂದ ದೂರಕ್ಕೆ 1ರಿಂದ 8. ಲೇಔಟಿನಲ್ಲಿ ಸೈಟು ಹುಡುಕಿದವರಿಗೆ ಇದು ಹತ್ತು ನಿಮಿಷದ ಪಾಠ.

ಮೊದಲ ಕಚೇರಿ: ಪ್ಯಾರಿಸ್, 1858

ಕೇಳಲು ಶುರುಮಾಡುವವರಿಗೆ ಎರಡು ಗಂಟೆಯ ರಾಗ-ತಾನ-ಪಲ್ಲವಿ ಯಾರೂ ಬಡಿಸುವುದಿಲ್ಲ. ಚದುರಂಗದಲ್ಲೂ ಪುಟ್ಟ ಆಟದಿಂದ ತೊಡಗುವುದು ಒಳ್ಳೆಯದು. ಹದಿನೇಳೇ ನಡೆಯ ಒಂದು ಆಟವಿದೆ. ಆಡಿದ್ದು ಪ್ಯಾರಿಸ್ಸಿನ ಆಪೆರಾ ಮಂದಿರದ ಬಾಲ್ಕನಿ ಕೋಣೆಯಲ್ಲಿ, ವೇದಿಕೆಯ ಮೇಲೆ ಹಾಡು ನಡೆಯುತ್ತಿರುವಾಗಲೇ. ಒಂದು ಕಡೆ ಅಮೆರಿಕದ ನ್ಯೂ ಆರ್ಲಿಯನ್ಸ್‌ನಿಂದ ಬಂದಿದ್ದ 21 ವರ್ಷದ ಪಾಲ್ ಮಾರ್ಫಿ. ಎದುರಿಗೆ ಬ್ರನ್ಸ್‌ವಿಕ್‌ನ ಡ್ಯೂಕ್ ಮತ್ತು ಕೌಂಟ್ ಇಸುವಾರ್, ಇಬ್ಬರೂ ಸೇರಿ ಗುಸುಗುಸು ಸಮಾಲೋಚನೆ ನಡೆಸಿ ಒಂದೊಂದೇ ನಡೆ ಇಡುವವರು. ಹುಡುಗನಿಗೆ ಸಂಗೀತ ಕೇಳುವ ಆಸೆ, ಆದರೆ ಅವನನ್ನು ವೇದಿಕೆಗೆ ಬೆನ್ನು ಹಾಕಿ ಕೂರಿಸಿದ್ದರು ಎನ್ನುತ್ತದೆ ಪ್ರಚಲಿತ ಕಥೆ.

ಈ ಆಟ ಬಹುತೇಕ ಎಲ್ಲ ಚೆಸ್ ಪುಸ್ತಕಗಳಲ್ಲೂ ಸಿಗುತ್ತದೆ. ಪರದೆಯ ಮೇಲೆ ಓಡಿಸಿ ನೋಡುವುದಕ್ಕಿಂತ ಹಾಸಿನ ಮೇಲೆ ಕೈಯಿಂದ ಕಾಯಿ ಎತ್ತಿಟ್ಟು ನಡೆಸುವುದು ಮೇಲು. ಒಂಬತ್ತನೇ ನಡೆಯಲ್ಲಿ ಕಪ್ಪಿನವರು ಒಂದು ಕಾಲಾಳನ್ನು ಮುಂದೆ ತಳ್ಳಿ ಮಾರ್ಫಿಯ ಒಂಟೆಯನ್ನು ಗದರಿಸುತ್ತಾರೆ. ಒಂಟೆ ಓಡಿಹೋಗುವುದಿಲ್ಲ. ಬದಲಿಗೆ ಮಾರ್ಫಿ ಕುದುರೆಯಿಂದ ಆ ಕಾಲಾಳನ್ನೇ ಹೊಡೆದು, ಕುದುರೆಯನ್ನು ಬಲಿ ಕೊಟ್ಟು, ಒಂಟೆಯಿಂದ ಚೆಕ್ ಕೊಡುತ್ತಾನೆ. ಆಮೇಲೆ ಒಂದು ಆನೆಯನ್ನು ಕೊಟ್ಟು ಎದುರಿನ ಕುದುರೆಯನ್ನು ತೆಗೆಯುತ್ತಾನೆ. ಖಾಲಿಯಾದ ಜಾಗಕ್ಕೆ ಎರಡನೇ ಆನೆ ತಕ್ಷಣ ಬಂದು ನಿಲ್ಲುತ್ತದೆ.

ಹೊಸಬರು ಇಲ್ಲಿ, ಹದಿನಾಲ್ಕನೇ ನಡೆಯಲ್ಲಿ, ಕೈ ತಡೆಯಬೇಕು. ಇದು ಹಾಜರಿ ತೆಗೆಯುವ ಸಮಯ. ಬಿಳಿಯಲ್ಲಿ ಉಳಿದ ಮಂತ್ರಿ, ಆನೆ, ಎರಡು ಒಂಟೆ ಎಲ್ಲವೂ ಕೆಲಸದ ಮೇಲಿವೆ. ಕಪ್ಪಿನಲ್ಲಿ ಎಫ್8ರ ಒಂಟೆ, ಎಚ್8ರ ಆನೆ ಎರಡೂ ಆಟ ಶುರುವಾದಾಗ ಕೂತ ಕುರ್ಚಿಯಿಂದ ಎದ್ದೇ ಇಲ್ಲ; ಆಟ ಮುಗಿಯುವವರೆಗೂ ಏಳುವುದಿಲ್ಲ. ಮೂವತ್ತು ವರ್ಷ ಸರ್ಕಾರಿ ಕಚೇರಿ ನೋಡಿದವರಿಗೆ ಇದರ ಅರ್ಥ ವಿವರಿಸಬೇಕಾಗಿಲ್ಲ. ಲೆಕ್ಕದಲ್ಲಿ ಕಪ್ಪಿನ ಬಳಿ ಕಾಯಿ ಹೆಚ್ಚು, ರಾಜನ ಹತ್ತಿರ ದುಡಿಯುವವರು ಕಡಿಮೆ.

ಕೊನೆಯ ಏಟು ಹದಿನಾರನೇ ನಡೆ. ಮಾರ್ಫಿ ತನ್ನ ಮಂತ್ರಿಯನ್ನೇ ಬಿ8ಕ್ಕೆ ತಂದು ಕುದುರೆಯ ಬಾಯಿಗಿಡುತ್ತಾನೆ. ಚೆಕ್ ಆದ್ದರಿಂದ ಕುದುರೆ ಹೊಡೆಯಲೇಬೇಕು, ಹೊಡೆದರೆ ಡಿ ಸಾಲಿನ ಕಾವಲು ತಪ್ಪುತ್ತದೆ. ಆನೆ ಡಿ8ಕ್ಕೆ ಬಂದು ಕೂರುತ್ತದೆ, ದೂರದ ಜಿ5ರಲ್ಲಿ ಕೂತ ಒಂಟೆ ಅದಕ್ಕೆ ಬೆಂಬಲ. ಚೆಕ್‌ಮೇಟ್. ಇಷ್ಟೂ ಸೈನ್ಯದಲ್ಲಿ ಮಾರ್ಫಿಯ ಬಳಿ ರಾಜ, ಕಾಲಾಳುಗಳನ್ನು ಬಿಟ್ಟರೆ ಉಳಿದದ್ದು ಆ ಎರಡೇ ಕಾಯಿ. ಎರಡೂ ಬೇಕಾದ ಜಾಗದಲ್ಲೇ ಇವೆ. ‘ಆಹಾ’ ಎನ್ನಬೇಕಾದ ಜಾಗ ಇದು.

ಊಹೆಯ ಪೋಸ್ಟ್‌ಕಾರ್ಡು

ಎರಡನೇ ಪಾಠ ಊಹಿಸುವುದು. ಪುಸ್ತಕದಲ್ಲಿ ಮುಂದಿನ ನಡೆಗಳ ಮೇಲೆ ಒಂದು ಹಳೆಯ ಪೋಸ್ಟ್‌ಕಾರ್ಡು ಮುಚ್ಚಿ, ಆಟಗಾರ ಏನು ಆಡಿರಬಹುದೆಂದು ಯೋಚಿಸಿ ನೋಟ್‌ಬುಕ್ಕಿನಲ್ಲಿ ಬರೆದಿಟ್ಟು, ಆಮೇಲೆ ಕಾರ್ಡನ್ನು ಒಂದು ಸಾಲು ಕೆಳಗೆ ಸರಿಸುವುದು. ಹತ್ತರಲ್ಲಿ ಮೂರು ಸರಿಯಾದರೂ ಆ ದಿನದ ಕಾಫಿಗೆ ಬೇರೆಯೇ ರುಚಿ. ಕಂಪ್ಯೂಟರನ್ನು ಕೇಳುವುದು ಕಟ್ಟಕಡೆಗೆ. ಆಗಿನ ವಿಶ್ವ ಚಾಂಪಿಯನ್ ಗ್ಯಾರಿ ಕಾಸ್ಪರೋವ್ 1997ರಲ್ಲಿ ಡೀಪ್ ಬ್ಲೂ ಎಂಬ ಕಂಪ್ಯೂಟರಿನ ಎದುರು ಸೋತ ಮೇಲೆ ಯಂತ್ರದ ಬಲದ ಬಗ್ಗೆ ಯಾರಿಗೂ ಅನುಮಾನವಿಲ್ಲ. ಆದರೆ ಅದು ಹೇಳುವುದು ಒಂದು ಅಂಕಿ. ಅದನ್ನು ಮೊದಲೇ ನೋಡಿದರೆ, ರಾಗ ಗುರುತಿಸುವ ಮೊದಲೇ ಪಕ್ಕದವರು ಅದರ ಹೆಸರು ಕೂಗಿದಂತೆ.

ಕರ್ಣದ ಕುಚೇಷ್ಟೆ

ಆಟದ ಜೊತೆ ರಸಿಕರಿಗೆ ಇನ್ನೊಂದು ಪಾಕವೂ ಉಂಟು: ಒಬ್ಬರು ಕೂತು ಕಟ್ಟಿದ ಸಮಸ್ಯೆಗಳು. ಅವುಗಳಲ್ಲಿ ರಿಚರ್ಡ್ ರೇತಿ 1921ರಲ್ಲಿ ಕಟ್ಟಿದ್ದು ನಾಲ್ಕೇ ಕಾಯಿಯದು. ಬಿಳಿ ರಾಜ ಎಚ್8, ಬಿಳಿ ಕಾಲಾಳು ಸಿ6. ಕಪ್ಪು ರಾಜ ಎ6, ಕಪ್ಪು ಕಾಲಾಳು ಎಚ್5. ನಡೆ ಬಿಳಿಯದು, ಆಟ ಡ್ರಾ ಮಾಡಬೇಕು. ನೋಡಿದ ಕೂಡಲೇ ಯಾರಾದರೂ ಕೈಚೆಲ್ಲುವ ಸ್ಥಿತಿ. ಕಪ್ಪು ಕಾಲಾಳು ಓಟ ಕಿತ್ತಿದ್ದಾನೆ, ಬಿಳಿ ರಾಜನಿಗೆ ಅವನು ಎಟುಕುವುದಿಲ್ಲ. ಅತ್ತ ತನ್ನ ಕಾಲಾಳನ್ನು ಕಾಯೋಣವೆಂದರೆ ಅದೂ ದೂರ.

ಉತ್ತರ: ರಾಜ ಜಿ7, ಎಫ್6, ಇ5 ಎಂದು ಓರೆಯಾಗಿ ಇಳಿಯುತ್ತಾನೆ. ಪ್ರತಿ ಹೆಜ್ಜೆಯೂ ಎರಡು ಕೆಲಸ ಮಾಡುತ್ತದೆ. ಕಪ್ಪು ಕಾಲಾಳಿಗೂ ಹತ್ತಿರ, ತನ್ನ ಕಾಲಾಳಿಗೂ ಹತ್ತಿರ. ಕಪ್ಪು ರಾಜ ಸಮಯ ಕಳೆದು ಸಿ6ರ ಕಾಲಾಳನ್ನು ಹೊಡೆದರೆ ಬಿಳಿ ರಾಜ ಎಚ್ ಸಾಲಿನವನನ್ನು ಹಿಡಿಯುತ್ತಾನೆ. ಹೊಡೆಯದೆ ಕಾಲಾಳನ್ನು ಓಡಿಸಿದರೆ ಬಿಳಿ ರಾಜ ತನ್ನವನ ಬಳಿ ತಲುಪಿ ಅವನನ್ನು ದಡ ಸೇರಿಸುತ್ತಾನೆ. ಎರಡೂ ದಾರಿ ಡ್ರಾ. ಇದರ ಗುಟ್ಟು ಚದುರಂಗದ ಹಾಸಿನ ವಿಚಿತ್ರ ರೇಖಾಗಣಿತ: ಇಲ್ಲಿ ರಾಜನಿಗೆ ಕರ್ಣದ ದಾರಿ ನೇರ ದಾರಿಗಿಂತ ಉದ್ದವಲ್ಲ, ಏಳು ಮನೆ ಎಂದರೆ ಏಳೇ ನಡೆ. ಜೀವನವಿಡೀ ಪೈಥಾಗೊರಸ್ ಪಾಠ ಮಾಡಿದ ಗಣಿತ ಮೇಷ್ಟ್ರಿಗೆ ಈ ಸಮಸ್ಯೆ ತೋರಿಸಿ ಅವರ ಮುಖ ನೋಡುವುದೇ ಒಂದು ಮನರಂಜನೆ.

ರೇತಿಯ ಬಗ್ಗೆ ಒಂದು ಕಥೆಯೂ ಚಾಲ್ತಿಯಲ್ಲಿದೆ. 1925ರಲ್ಲಿ ಬ್ರೆಜಿಲಿನ ಸಾವೊ ಪೌಲೊದಲ್ಲಿ ಹಾಸು ನೋಡದೆ ಏಕಕಾಲಕ್ಕೆ 29 ಆಟ ಆಡಿದ ಈ ಮನುಷ್ಯ, ಹೊರಡುವಾಗ ತನ್ನ ಚೀಲವನ್ನೇ ಮರೆತಿದ್ದನಂತೆ. ಯಾರೋ ಹಿಂದೆ ಓಡಿ ಬಂದು ಕೊಟ್ಟಾಗ, ತನ್ನ ನೆನಪಿನ ಶಕ್ತಿ ಬಹಳ ಕೆಟ್ಟದ್ದು ಎಂದು ಗೊಣಗಿದನಂತೆ. ಹಣೆಯ ಮೇಲಿನ ಕನ್ನಡಕವನ್ನು ಮನೆಯೆಲ್ಲ ಹುಡುಕುವವರು ಇದನ್ನು ನಂಬಲು ಕಷ್ಟಪಡುವುದಿಲ್ಲ.

ಹುಣಸೆ ಬೀಜದ ಕುದುರೆ

ಎದುರಾಳಿ ಇಲ್ಲದ ಮಧ್ಯಾಹ್ನಗಳಿಗೆ ಮೈಸೂರಿನ ಒಂದು ವಿನೋದ ಇದೆ. ಮುಮ್ಮಡಿ ಕೃಷ್ಣರಾಜ ಒಡೆಯರ್ (1794–1868) ಒಂದರ್ಥದಲ್ಲಿ ಒತ್ತಾಯದ ನಿವೃತ್ತರು. 1831ರಲ್ಲಿ ಬ್ರಿಟಿಷರು ಆಡಳಿತವನ್ನು ಕೈಗೆತ್ತಿಕೊಂಡ ಮೇಲೆ ಅರಸರಿಗೆ ಉಳಿದದ್ದು ಸಿಂಹಾಸನದ ಗೌರವ ಮತ್ತು ಬೇಕಾದಷ್ಟು ಬಿಡುವು. ಅವರು ಸಾಹಿತ್ಯ, ಸಂಗೀತ, ಚಿತ್ರಕಲೆಗಳಿಗೆ ಆಶ್ರಯ ಕೊಟ್ಟರು. ಹಾಸಿನ ಆಟಗಳನ್ನು ಹೊಸದಾಗಿ ಕಟ್ಟಿದರು. ಚದುರಂಗದ ಕುದುರೆಯನ್ನು ಅರವತ್ತನಾಲ್ಕು ಮನೆಗಳಲ್ಲೂ ಒಂದೊಂದೇ ಸಲ ಓಡಿಸುವ ಬಗೆಗಳನ್ನು ರಚಿಸಿದರು.

ಈ ಕುದುರೆ ಓಟದ ಹುಚ್ಚು ನಮ್ಮಲ್ಲಿ ಹಳೆಯದು. ಒಂಬತ್ತನೇ ಶತಮಾನದ ಕಾಶ್ಮೀರದ ಆಲಂಕಾರಿಕ ರುದ್ರಟ, ಅರ್ಧ ಹಾಸಿನ ಮೇಲೆ ಕುದುರೆ ನಡೆಯಲ್ಲಿ ಓದಿದರೂ ಅದೇ ಪದ್ಯ ಬರುವಂತೆ ತುರಗಪದ ಬಂಧ ಕಟ್ಟಿದ. ಕಲ್ಯಾಣದ ಚಾಲುಕ್ಯ ಅರಸು ಮೂರನೇ ಸೋಮೇಶ್ವರನ ‘ಮಾನಸೋಲ್ಲಾಸ’ದಲ್ಲೂ ಚದುರಂಗಕ್ಕೆ ಜಾಗವಿದೆ.

ಆಡುವ ಬಗೆ ಸರಳ. ಕುದುರೆಯನ್ನು ಯಾವುದಾದರೂ ಮೂಲೆಯಲ್ಲಿಟ್ಟು, ಮೆಟ್ಟಿದ ಪ್ರತಿ ಮನೆಗೂ ಒಂದು ಹುಣಸೆ ಬೀಜ ಇಡುತ್ತ ಹೋಗುವುದು. ಮನಸ್ಸಿಗೆ ಬಂದಂತೆ ಓಡಿಸಿದರೆ ಹಾಸು ತುಂಬುವ ಮೊದಲೇ ಕುದುರೆ ಸಿಕ್ಕಿಬೀಳುವುದು ಸಾಮಾನ್ಯ. ವಾರ್ನ್ಸ್‌ಡಾರ್ಫ್ ಎಂಬ ಜರ್ಮನ್ನನು 1823ರಲ್ಲಿ ಕೊಟ್ಟ ಉಪಾಯ ಹೀಗಿದೆ: ಮುಂದೆ ಹೋಗಲು ಅತಿ ಕಡಿಮೆ ದಾರಿ ಇರುವ ಮನೆಗೆ ಮೊದಲು ಹೋಗುವುದು, ಅಂದರೆ ಮೂಲೆಯ ಬಡವರನ್ನು ಮೊದಲು ವಿಚಾರಿಸುವುದು. ಹೊರಟ ಮನೆಗೇ ಮರಳಿ ಸೇರಬಲ್ಲ ಸುತ್ತುಗಳೇ 13 ಲಕ್ಷ ಕೋಟಿಗೂ ಹೆಚ್ಚು ಎಂದು ಲೆಕ್ಕ ಹಾಕಿದ್ದಾರೆ. ಒಂದು ಪಿಂಚಣಿ ಜೀವಿತಕ್ಕೆ ಧಾರಾಳವಾಗಿ ಸಾಕು.

ತಪ್ಪಿನ ರಸ

ಸಣ್ಣವರ ತಪ್ಪಿಗೆ ನಗುವ ಮೊದಲು ದೊಡ್ಡವರ ತಪ್ಪು ನೋಡಿಟ್ಟುಕೊಳ್ಳಬೇಕು. ಆಗಿನ ವಿಶ್ವ ಚಾಂಪಿಯನ್ ವ್ಲಾದಿಮಿರ್ ಕ್ರಾಮ್ನಿಕ್ 2006ರಲ್ಲಿ ಜರ್ಮನಿಯ ಬಾನ್‌ನಲ್ಲಿ ಡೀಪ್ ಫ್ರಿಟ್ಸ್ ಎಂಬ ಕಂಪ್ಯೂಟರ್ ಪ್ರೋಗ್ರಾಮಿನ ಎದುರು, ಒಂದೇ ನಡೆಯಲ್ಲಿ ಬರಲಿದ್ದ ಚೆಕ್‌ಮೇಟನ್ನು ಕಾಣದೆ ಮಂತ್ರಿಯನ್ನು ಬೇರೆ ಕಡೆ ಕಳಿಸಿದರು. 2024ರ ಡಿಸೆಂಬರಿನಲ್ಲಿ ಸಿಂಗಪುರದ ವಿಶ್ವ ಚಾಂಪಿಯನ್‌ಷಿಪ್ ಪಂದ್ಯದ ಹದಿನಾಲ್ಕನೇ ಆಟ ಡ್ರಾದತ್ತ ಸಾಗಿದ್ದಾಗ ಡಿಂಗ್ ಲಿರೆನ್ 55ನೇ ನಡೆಯಲ್ಲಿ ಆನೆಯನ್ನು ಎಫ್2ಕ್ಕೆ ಇಟ್ಟರು. ಆನೆಗಳೂ ಒಂಟೆಗಳೂ ಅದಲುಬದಲಾಗಿ, ಒಂದು ಕಾಲಾಳು ಹೆಚ್ಚಿಗೆ ಉಳಿದ ಡಿ. ಗುಕೇಶ್ 18ನೇ ವಯಸ್ಸಿಗೆ ವಿಶ್ವ ಚಾಂಪಿಯನ್ ಆದರು. ಆನೆಯನ್ನು ತಪ್ಪು ಮನೆಗೆ ತಳ್ಳಿ ಹಣೆ ಚಚ್ಚಿಕೊಳ್ಳುವ ತಾತನಿಗೆ ಇದಕ್ಕಿಂತ ಒಳ್ಳೆಯ ಸಹವಾಸ ಸಿಗದು.

ವಯಸ್ಸಾಯಿತು ಎನ್ನುವವರಿಗೂ ಉದಾಹರಣೆಗಳಿವೆ. ವಿಕ್ಟರ್ ಕೊರ್ಚ್‌ನೊಯ್ 2011ರಲ್ಲಿ ಜಿಬ್ರಾಲ್ಟರಿನಲ್ಲಿ ಹದಿಹರೆಯದ ಫಾಬಿಯಾನೊ ಕರುವಾನನನ್ನು ಸೋಲಿಸಿದಾಗ ಅವರ ವಯಸ್ಸು 79. ಮಾಜಿ ವಿಶ್ವ ಚಾಂಪಿಯನ್ ವಾಸಿಲಿ ಸ್ಮಿಸ್ಲೋವ್ 1991ರ ಮೊದಲ ವಿಶ್ವ ಹಿರಿಯರ ಚಾಂಪಿಯನ್‌ಷಿಪ್ ಗೆದ್ದರು. ಒಳ್ಳೆಯ ಕಂಠದ ಗಾಯಕರೂ ಆಗಿದ್ದ ಅವರು, ಮುಪ್ಪಿನಲ್ಲಿ ದೃಷ್ಟಿ ಮಂದವಾದ ಮೇಲೆ, ರೇತಿ ಕಟ್ಟಿದಂಥ ಸಮಸ್ಯೆಗಳನ್ನು ಕಟ್ಟುತ್ತ ಕೂತರು.

ಪಕ್ಕದಲ್ಲಿ ನಿಂತು ನೋಡುವವರಿಗೆ ಒಂದೇ ನಿಯಮ: ಬಾಯಿ ಮುಚ್ಚಿರಬೇಕು. ‘ಅಯ್ಯೋ, ಕುದುರೆ!’ ಎಂಬ ಒಂದು ಉದ್ಗಾರ ಎರಡು ಗಂಟೆಯ ಆಟವನ್ನೂ ಇಪ್ಪತ್ತು ವರ್ಷದ ಸ್ನೇಹವನ್ನೂ ಒಟ್ಟಿಗೆ ಕೆಡಿಸಬಲ್ಲದು.

ಮನೆಗೆಲಸ

ಕಡೆಗೊಂದು ಸಮಸ್ಯೆ. 1895ರಲ್ಲಿ ಗ್ಲಾಸ್ಗೋದ ಪತ್ರಿಕೆಯೊಂದರ ಚೆಸ್ ಅಂಕಣದಲ್ಲಿ ಒಂದು ಸ್ಥಿತಿಯನ್ನು ಡ್ರಾ ಎಂದು ಅಚ್ಚು ಮಾಡಿದ್ದರು. ಆ ಊರಿನಲ್ಲಿದ್ದ ಸ್ಪೇನಿನ ಪಾದ್ರಿ ಫರ್ನಾಂಡೊ ಸಾವೆದ್ರ, ಹೆಸರಾಂತ ಆಟಗಾರನೇನೂ ಅಲ್ಲದವರು, ‘ಇಲ್ಲ, ಬಿಳಿ ಗೆಲ್ಲುತ್ತದೆ’ ಎಂದು ತೋರಿಸಿದರು. ಆ ಒಂದು ನಡೆಯಿಂದ ಅವರ ಹೆಸರು ಇಂದಿಗೂ ಚದುರಂಗದ ಪುಸ್ತಕಗಳಲ್ಲಿದೆ.

ಕಾಯಿ ಜೋಡಿಸುವುದು ಹೀಗೆ: ಬಿಳಿ ರಾಜ ಸಿ2, ಬಿಳಿ ಕಾಲಾಳು ಸಿ7. ಕಪ್ಪು ರಾಜ ಎ1, ಕಪ್ಪು ಆನೆ ಡಿ4. ನಡೆ ಬಿಳಿಯದು. ಕಾಲಾಳು ಸಿ8 ಮುಟ್ಟಿ ಮಂತ್ರಿಯಾದರೆ ಕಪ್ಪು ಆನೆ ಸಿ4ಕ್ಕೆ ಬಂದು ಚೆಕ್ ಕೊಡುತ್ತದೆ. ಮಂತ್ರಿ ಅದನ್ನು ಹೊಡೆದರೆ ಕಪ್ಪು ರಾಜನಿಗೆ ಕಾಲಿಡಲು ಮನೆಯೇ ಇಲ್ಲ, ಆಟ ಸ್ಟೇಲ್‌ಮೇಟ್. ಹಾಗಾದರೆ ಆ ಕಾಲಾಳು ಏನಾಗಬೇಕು? ಉಳಿದದ್ದು ಆನೆ, ಒಂಟೆ, ಕುದುರೆ. ಅದು ಹೊಳೆದ ಮೇಲೂ ಕಪ್ಪಿಗೆ ತಪ್ಪಿಸಿಕೊಳ್ಳುವ ಒಂದು ನಡೆ ಇದೆ, ಅದಕ್ಕೆ ಬಿಳಿ ರಾಜನ ಉತ್ತರವನ್ನೂ ಹುಡುಕಬೇಕು.

ಉತ್ತರ ಸಿಗದಿದ್ದರೆ ಕಾಯಿಗಳನ್ನು ಹಾಗೇ ಬಿಟ್ಟು ಊಟಕ್ಕೆ ಏಳಬಹುದು. ಮೊಮ್ಮಗಳು ಆ ಕಡೆ ಸುಳಿಯುವ ಮೊದಲು, ನೋಡುವವರ ನಿಯಮವನ್ನು ಅವಳಿಗೆ ಒಮ್ಮೆ ನೆನಪಿಸಿರಬೇಕು.