ಕೈ ಬಲ್ಲ ಸುದ್ದಿ: ಮನೆ ಡಯಾಲಿಸಿಸ್ ಮತ್ತು ರಕ್ತನಾಳದ ಮಾರ್ಗಸೂಚಿ

ಮೂತ್ರಪಿಂಡಗಳು ಪೂರ್ತಿ ಸೋತವರ ರಕ್ತವನ್ನು ಯಂತ್ರಕ್ಕೆ ಹರಿಸಿ, ಶುದ್ಧಿ ಮಾಡಿ, ಮರಳಿ ದೇಹಕ್ಕೆ ಸೇರಿಸುವ ಚಿಕಿತ್ಸೆಗೆ ಹಿಮೋಡಯಾಲಿಸಿಸ್ ಎಂದು ಹೆಸರು. ಆ ರಕ್ತ ಹೊರಬರಲು ಮತ್ತು ಒಳಹೋಗಲು ದೇಹದಲ್ಲಿ ಮಾಡಿಕೊಂಡ ದಾರಿಯನ್ನು ರಕ್ತನಾಳ ಪ್ರವೇಶ ಎಂದು, ಡಯಾಲಿಸಿಸ್ ಕೇಂದ್ರಗಳ ಆಡುಮಾತಿನಲ್ಲಿ ‘ಆಕ್ಸೆಸ್’ ಎಂದು ಕರೆಯುತ್ತಾರೆ. ಯಂತ್ರ ಕೆಟ್ಟರೆ ಇನ್ನೊಂದು ಯಂತ್ರ ತರಿಸಬಹುದು. ಆಕ್ಸೆಸ್ ಕೆಟ್ಟರೆ ಅದೇ ದೇಹದಲ್ಲಿ ಮತ್ತೊಂದು ಜಾಗ ಹುಡುಕಬೇಕು, ಅಂಥ ಜಾಗಗಳು ಬೆರಳೆಣಿಕೆಯಷ್ಟು ಮಾತ್ರ ಇರುತ್ತವೆ. ಈ ದಾರಿಯನ್ನು ಹೇಗೆ ಮಾಡಬೇಕು, ಹೇಗೆ ಕಾಯಬೇಕು ಎಂಬುದನ್ನು ಕುರಿತು ಅಮೆರಿಕದ ನ್ಯಾಷನಲ್ ಕಿಡ್ನಿ ಫೌಂಡೇಶನ್ 1997ರಿಂದ ಮಾರ್ಗಸೂಚಿಗಳನ್ನು ಹೊರತರುತ್ತ ಬಂದಿದೆ. ವೈದ್ಯರು ‘ಕೆಡೋಕಿ’ ಎಂದು ಕರೆಯುವ ಈ ಮಾಲೆಯಲ್ಲಿ ರಕ್ತನಾಳ ಪ್ರವೇಶದ 2019ರ ಪರಿಷ್ಕರಣೆ 2020ರಲ್ಲಿ ಅಚ್ಚಾಯಿತು. ಆಸ್ಪತ್ರೆಯ ಕಣ್ಣಿನಿಂದ ಇದರ ಗುಣದೋಷಗಳನ್ನು ಅಳೆದವರು ಹಲವರಿದ್ದಾರೆ. ತನ್ನ ಮನೆಯಲ್ಲಿ ಕುಳಿತು, ತನ್ನ ಕೈಗೆ ತಾನೇ ಸೂಜಿ ಹಾಕಿಕೊಳ್ಳುವ ರೋಗಿಗೆ ಇದು ಎಷ್ಟು ಒದಗುತ್ತದೆ ಎಂಬುದನ್ನು ನೋಡುವುದು ಇಲ್ಲಿನ ಉದ್ದೇಶ.

ಮನೆಯಲ್ಲಿ ಹಿಮೋಡಯಾಲಿಸಿಸ್ ಮಾಡಿಕೊಳ್ಳುವ ಪದ್ಧತಿ ಇತ್ತೀಚಿನ ಸೌಕರ್ಯವೇನಲ್ಲ. 1960ರ ಮಾರ್ಚ್‌ನಲ್ಲಿ ಸಿಯಾಟಲ್ ನಗರದ ವೈದ್ಯ ಬೆಲ್ಡಿಂಗ್ ಸ್ಕ್ರಿಬ್ನರ್ ಅವರು ರೋಗಿಯ ಮುಂಗೈಯಲ್ಲಿ ಅಪಧಮನಿಗೂ ಅಭಿಧಮನಿಗೂ ಟೆಫ್ಲಾನ್ ನಳಿಗೆಗಳನ್ನು ಕೂರಿಸಿ, ಡಯಾಲಿಸಿಸ್ ಇಲ್ಲದ ಹೊತ್ತಿನಲ್ಲಿ ಅವೆರಡನ್ನೂ ಜೋಡಿಸಿಡುವ ಉಪಾಯ ಕಂಡುಕೊಂಡ ಮೇಲೆ, ಅದುವರೆಗೆ ಕೆಲವು ಸಲ ಮಾತ್ರ ಸಾಧ್ಯವಿದ್ದ ಚಿಕಿತ್ಸೆ ವರ್ಷಗಟ್ಟಲೆ ನಡೆಯುವಂತಾಯಿತು. ಯಂತ್ರಗಳು ಕಡಿಮೆ, ಕಾಯುವವರು ಹೆಚ್ಚು. ಯಾರಿಗೆ ಚಿಕಿತ್ಸೆ ಕೊಡಬೇಕೆಂದು ಆರಿಸಲು ಸಿಯಾಟಲ್‌ನಲ್ಲಿ ಸಮಿತಿಯೊಂದನ್ನೇ ನೇಮಿಸಬೇಕಾಯಿತು. ವಯಸ್ಸು ಚಿಕ್ಕದೆಂದು ಆ ಏರ್ಪಾಡಿನಲ್ಲಿ ಅವಕಾಶ ಸಿಗದೆ ಹೋದ ಹೈಸ್ಕೂಲು ವಿದ್ಯಾರ್ಥಿನಿಯೊಬ್ಬಳಿಗಾಗಿ 1964ರಲ್ಲಿ ಎಂಜಿನಿಯರ್ ಲೆಸ್ ಬ್ಯಾಬ್ ಮತ್ತು ಅವರ ಸಂಗಡಿಗರು ಮನೆಯಲ್ಲಿಡಬಹುದಾದ ಯಂತ್ರವನ್ನು ಕಟ್ಟಿಕೊಟ್ಟರು, ಅದನ್ನು ನಡೆಸುವುದನ್ನು ಅವಳ ತಾಯಿ ಕಲಿತರು. ಅದೇ ಹೊತ್ತಿಗೆ ಲಂಡನ್ನಿನಲ್ಲಿ ಸ್ಟಾನ್ಲಿ ಶಾಲ್ಡನ್ ಅವರೂ ಬಾಸ್ಟನ್ನಿನಲ್ಲಿ ಜಾನ್ ಮೆರಿಲ್ ಅವರ ತಂಡವೂ ಮನೆಯ ದಾರಿ ಹಿಡಿದಿದ್ದವು. ರೋಗಿಯನ್ನೂ ಅವರ ಮನೆಯವರನ್ನೂ ನಂಬದೆ ಅವರ ಚಿಕಿತ್ಸೆ ನಡೆಯುವಂತೆಯೇ ಇರಲಿಲ್ಲ. ಹಾಗಾಗಿ ಆ ನಂಬಿಕೆ ಈ ಪದ್ಧತಿಯ ಬುನಾದಿಯಲ್ಲೇ ಸೇರಿದೆ. 1973ರಲ್ಲಿ ಅಮೆರಿಕದ ಸರ್ಕಾರ ಡಯಾಲಿಸಿಸ್ ವೆಚ್ಚವನ್ನು ವಹಿಸಿಕೊಂಡಾಗ ಅಲ್ಲಿನ ಡಯಾಲಿಸಿಸ್ ರೋಗಿಗಳಲ್ಲಿ ನೂರಕ್ಕೆ ಸುಮಾರು 40 ಮಂದಿ ಮನೆಯಲ್ಲೇ ಚಿಕಿತ್ಸೆ ಪಡೆಯುತ್ತಿದ್ದರು. ಕೇಂದ್ರಗಳು ಊರೂರಿಗೆ ಹಬ್ಬಿದಂತೆ ಆ ಸಂಖ್ಯೆ ಕುಸಿಯಿತು. ಕುಸಿತದೊಂದಿಗೆ, ರೋಗಿಗೆ ತನ್ನ ಆಕ್ಸೆಸ್ ಬಗ್ಗೆ ಏನಾದರೂ ಗೊತ್ತಿರುತ್ತದೆ ಎಂಬ ಅರಿವೂ ಸಿಬ್ಬಂದಿಯಲ್ಲಿ ಸವೆಯಿತೆಂದು ತೋರುತ್ತದೆ.

ನಳಿಗೆಗಳ ಜಾಗಕ್ಕೆ ಬಂದದ್ದು ಫಿಸ್ಟುಲಾ. ನ್ಯೂಯಾರ್ಕಿನ ಬ್ರಾಂಕ್ಸ್‌ನ ಆಸ್ಪತ್ರೆಯೊಂದರ ಬ್ರೆಶಿಯಾ, ಚಿಮಿನೋ, ಅಪ್ಪೆಲ್ ಮತ್ತು ಹರ್ವಿಚ್ ಅವರು 1966ರಲ್ಲಿ ಪ್ರಕಟಿಸಿದ ಈ ವಿಧಾನದಲ್ಲಿ ಮಣಿಕಟ್ಟಿನ ಬಳಿ ಅಪಧಮನಿಯನ್ನು ಪಕ್ಕದ ಅಭಿಧಮನಿಗೆ ಹೊಲಿದು ಸೇರಿಸುತ್ತಾರೆ. ಅಪಧಮನಿಯ ಒತ್ತಡದ ರಕ್ತ ನುಗ್ಗಿ ಅಭಿಧಮನಿ ವಾರಗಟ್ಟಲೆಯಲ್ಲಿ ಹಿಗ್ಗಿ, ಗೋಡೆ ದಪ್ಪವಾಗಿ, ಮತ್ತೆ ಮತ್ತೆ ಸೂಜಿ ತಾಳುವಷ್ಟು ಗಟ್ಟಿಯಾಗುತ್ತದೆ. ನಾಳ ಒದಗದವರಿಗೆ ಕೃತಕ ಕೊಳವೆಯ ಗ್ರಾಫ್ಟ್ ಇದೆ. ತುರ್ತಿಗೆ ಕತ್ತಿನ ಅಭಿಧಮನಿಯೊಳಗೆ ಇಳಿಬಿಡುವ ಕ್ಯಾತಿಟರ್ ಇದೆ, ಆದರೆ ಮೂರರಲ್ಲಿ ಸೋಂಕಿನ ಭಯ ಅದಕ್ಕೇ ಹೆಚ್ಚು.

ಫಿಸ್ಟುಲಾ ಇರುವವರು ಬೆಳಿಗ್ಗೆ ಎದ್ದೊಡನೆ ಮಾಡುವ ಮೊದಲ ಕೆಲಸ ಆ ಕೈಯನ್ನು ಮುಟ್ಟಿ ನೋಡಿಕೊಳ್ಳುವುದು. ಮೀಟಿದ ತಂಬೂರಿಯ ಬುರುಡೆಯ ಮೇಲೆ ಬೆರಳಿಟ್ಟರೆ ತಿಳಿಯುವಂಥ ಸಣ್ಣ ಅದುರು ಅಲ್ಲಿ ಬಿಡದೆ ಇರುತ್ತದೆ. ವೈದ್ಯರ ಭಾಷೆಯಲ್ಲಿ ಅದು ‘ಥ್ರಿಲ್’. ಮುಂದೆಲ್ಲೋ ನಾಳ ಕಿರಿದಾಗತೊಡಗಿದರೆ ಆ ಅದುರು ಹೋಗಿ, ನಾಡಿಯ ಹಾಗೆ ಎದ್ದು ಬಡಿಯುವ ಹೊಡೆತ ಕೈಗೆ ಸಿಗುತ್ತದೆ. ತೋಳನ್ನು ಮೇಲೆತ್ತಿದರೆ ಆರೋಗ್ಯವಂತ ಫಿಸ್ಟುಲಾ ಇಳಿದು ಸಪ್ಪಟೆಯಾಗುತ್ತದೆ. ರಕ್ತ ಹೊರಹೋಗುವ ದಾರಿ ಕಟ್ಟಿಕೊಂಡಿದ್ದರೆ ಎತ್ತಿದ ಮೇಲೂ ಉಬ್ಬಿಕೊಂಡೇ ಇರುತ್ತದೆ. ಸೂಜಿ ತೆಗೆದ ಮೇಲೆ ಒತ್ತಿ ಹಿಡಿದರೆ ಹತ್ತು ನಿಮಿಷಕ್ಕೆ ನಿಲ್ಲುತ್ತಿದ್ದ ರಕ್ತ ಇಪ್ಪತ್ತೈದು ನಿಮಿಷ ಹಿಡಿಯತೊಡಗಿದರೆ ಅದೂ ಒಂದು ಸುದ್ದಿ. ಮನೆಯಲ್ಲಿ ವಾರಕ್ಕೆ ನಾಲ್ಕೈದು ಸಲ ಡಯಾಲಿಸಿಸ್ ಮಾಡಿಕೊಳ್ಳುವವರು, ಕೈ ತೊಳೆದು, ಪಟ್ಟಿ ಬಿಗಿದು, ಓರೆಯಾಗಿ ಹಿಡಿದ ಸೂಜಿ ಚರ್ಮ ದಾಟಿ ನಾಳದ ಗೋಡೆಗೆ ತಾಗುವ ಆ ಸಣ್ಣ ತಡೆಯನ್ನೂ, ಗೋಡೆ ಬಿಟ್ಟುಕೊಟ್ಟಾಗ ಸೂಜಿಯ ಹಿಂದೆ ಚಿಮ್ಮುವ ಕೆಂಪನ್ನೂ ವರ್ಷಕ್ಕೆ ನೂರಾರು ಬಾರಿ ಕಾಣುತ್ತಾರೆ. ಸೂಜಿ ಒಂದೆರಡು ಮಿಲಿಮೀಟರ್ ಹೆಚ್ಚು ಹೋದರೆ ಹಿಂಬದಿಯ ಗೋಡೆ ತೂತಾಗಿ ರಕ್ತ ಮಾಂಸದೊಳಕ್ಕೆ ಸೋರಿ ತೋಳು ಬಾತುಕೊಳ್ಳುತ್ತದೆ ಎಂಬುದನ್ನು ಅವರಿಗೆ ಪುಸ್ತಕ ಹೇಳಿಕೊಡಬೇಕಿಲ್ಲ. ಆ ತೋಳನ್ನು ಅವರಷ್ಟು ಸಲ, ಅವರಷ್ಟು ಹತ್ತಿರದಿಂದ ಪರೀಕ್ಷಿಸುವವರು ಮತ್ತೊಬ್ಬರಿಲ್ಲ.

ಈ ಹಿನ್ನೆಲೆಯಲ್ಲಿ 2019ರ ಮಾರ್ಗಸೂಚಿಯ ದೊಡ್ಡ ಗುಣವನ್ನು ಮೊದಲು ಒಪ್ಪಬೇಕು. 2003ರಿಂದ ಅಮೆರಿಕದಲ್ಲಿ ‘ಫಿಸ್ಟುಲಾ ಫಸ್ಟ್’ ಎಂಬ ಸರ್ಕಾರಿ ಅಭಿಯಾನ ನಡೆದು, ನೂರರಲ್ಲಿ 66 ರೋಗಿಗಳಿಗೆ ಫಿಸ್ಟುಲಾ ಇರಬೇಕೆಂಬ ಗುರಿ ನಿಗದಿಯಾಗಿತ್ತು. ಉದ್ದೇಶ ಒಳ್ಳೆಯದೇ, ಫಿಸ್ಟುಲಾಗಳ ಸಂಖ್ಯೆಯೂ ಏರಿತು. ಆದರೆ ಬಲಿಯದ ಫಿಸ್ಟುಲಾಗಳನ್ನು ಒಂದಾದ ಮೇಲೊಂದರಂತೆ ಮಾಡಿಸಿಕೊಂಡು, ಅದು ಬಲಿಯುವವರೆಗೆಂದು ಹಾಕಿದ ಕ್ಯಾತಿಟರಿನಲ್ಲೇ ತಿಂಗಳುಗಟ್ಟಲೆ ಕಳೆದ ರೋಗಿಗಳ ಸಂಕಟ ಆ ಲೆಕ್ಕದಲ್ಲಿ ಕಾಣಿಸಲಿಲ್ಲ. ಹೊಸ ಮಾರ್ಗಸೂಚಿ ಈ ಗುರಿಯ ಬೆನ್ನು ಬಿಟ್ಟು, ಪ್ರತಿಯೊಬ್ಬ ರೋಗಿಗೂ ಒಂದು ‘ಜೀವನ ಯೋಜನೆ’ ಬರೆಯಬೇಕೆಂದು ಹೇಳುತ್ತದೆ: ಈ ವ್ಯಕ್ತಿ ಮುಂದೆ ಕಸಿ ಮಾಡಿಸಿಕೊಳ್ಳುವವರೋ, ಮನೆಯಲ್ಲಿ ಡಯಾಲಿಸಿಸ್ ಮಾಡಿಕೊಳ್ಳುವವರೋ, ಎಷ್ಟು ವಯಸ್ಸು, ಯಾವ ಕೈಯ ದುಡಿಮೆ ಎಂಬುದನ್ನೆಲ್ಲ ಕೂಡಿ ಯೋಚಿಸಿ, ಆಮೇಲೆ ಆಕ್ಸೆಸ್ ಆರಿಸಬೇಕು, ಇಂದಿನದು ಸೋತರೆ ನಾಳೆಯದು ಯಾವುದೆಂಬುದೂ ಆಗಲೇ ಬರೆದಿರಬೇಕು. ಅಂಕಿಯನ್ನು ಕೆಳಗಿಳಿಸಿ ಬದುಕನ್ನು ಮೇಲಿಟ್ಟ ಈ ತಿರುವು ಸಣ್ಣದಲ್ಲ.

ತೊಡಕಿರುವುದು ಯೋಜನೆಯಾದ ನಂತರದ ದಿನಗಳಲ್ಲಿ. ಫಿಸ್ಟುಲಾ ಕೆಡುತ್ತಿದೆಯೇ ಎಂದು ಪತ್ತೆಹಚ್ಚಲು ಮಾರ್ಗಸೂಚಿ ಒತ್ತು ಕೊಡುವುದು ನಿಯತವಾದ ದೈಹಿಕ ಪರೀಕ್ಷೆಗೆ, ಅಂದರೆ ನೋಡಿ, ಮುಟ್ಟಿ, ಕೇಳಿ ತಿಳಿಯುವುದಕ್ಕೆ. ಯಂತ್ರದಿಂದ ರಕ್ತದ ಹರಿವನ್ನು ವಾಡಿಕೆಯಾಗಿ ಅಳೆಯುತ್ತಿರಬೇಕೆಂದು ವಿಧಿಸಲು ಸಾಕಷ್ಟು ಆಧಾರವಿಲ್ಲವೆಂದು ಅದು ಪ್ರಾಮಾಣಿಕವಾಗಿ ಒಪ್ಪುತ್ತದೆ. ಆದರೆ ಆ ಪರೀಕ್ಷೆ ಮಾಡಬೇಕಾದವರು ಯಾರೆಂದು ನೋಡಿದರೆ, ಶಿಫಾರಸಿನಲ್ಲಿ ಇರುವವರು ತಿಳಿವಳಿಕೆ ಮತ್ತು ಅನುಭವವುಳ್ಳ ಆರೋಗ್ಯ ಸಿಬ್ಬಂದಿ. ಕೇಂದ್ರಕ್ಕೆ ವಾರಕ್ಕೆ ಮೂರು ಸಲ ಹೋಗುವವರ ಮಟ್ಟಿಗೆ ಇದು ಸರಿ. ತಿಂಗಳಿಗೊಮ್ಮೆ ಕ್ಲಿನಿಕ್ಕಿಗೆ ಹೋಗುವ ಮನೆ ಡಯಾಲಿಸಿಸ್ ರೋಗಿಯ ಕೈಯನ್ನು ಉಳಿದ ಇಪ್ಪತ್ತೊಂಬತ್ತು ದಿನ ನೋಡುವವರು ಅವರೇ. ಅವರಿಗೆ ಕಲಿಸಬೇಕೆನ್ನುವುದು ಸುಲಭ. ಕಲಿತವರು ಹೇಳಿದ ಮಾತಿಗೆ ಎಷ್ಟು ತೂಕ, ಅದನ್ನು ಕೇಳಿದವರು ಎಷ್ಟು ಗಂಟೆಯೊಳಗೆ ಏನು ಮಾಡಬೇಕು ಎಂಬುದನ್ನು ಗಟ್ಟಿಯಾಗಿ ಹೇಳದಿದ್ದರೆ ಆ ಕಲಿಕೆ ರೋಗಿಯ ಆತಂಕವನ್ನು ಮಾತ್ರ ಹೆಚ್ಚಿಸುತ್ತದೆ.

ಸಿಬ್ಬಂದಿಯ ಉಪೇಕ್ಷೆ ಹುಟ್ಟುವುದು ಇಲ್ಲಿಯೇ. ಫಿಸ್ಟುಲಾದ ಬಡಿತ ಬದಲಾಗಿದೆ ಎಂದು ರೋಗಿ ಶುಕ್ರವಾರ ಸಂಜೆ ಫೋನ್ ಮಾಡುತ್ತಾರೆ. ಯಂತ್ರದ ಒತ್ತಡ ಮಿತಿಯೊಳಗೇ ಇದೆಯಲ್ಲ, ಮುಂದಿನ ಭೇಟಿಯಲ್ಲಿ ನೋಡೋಣ ಎಂದು ಉತ್ತರ ಬರುತ್ತದೆ. ಒತ್ತಡದ ಅಂಕಿ ಮಿತಿ ದಾಟುವ ಮೊದಲೇ ಕೈಗೆ ತಿಳಿಯುವುದಿದೆ, ಆದರೆ ಅಂಕಿಯನ್ನು ದಾಖಲೆಯಲ್ಲಿ ಬರೆಯಬಹುದು, ಕೈಗೆ ತಿಳಿದದ್ದನ್ನು ಬರೆಯಲು ಅಲ್ಲಿ ಕಲಮೇ ಇಲ್ಲ. ಸೋಮವಾರದ ಹೊತ್ತಿಗೆ ರಕ್ತ ಹೆಪ್ಪುಗಟ್ಟಿ ಅದುರು ನಿಂತಿದ್ದರೆ, ಬಲೂನು ಹಿಗ್ಗಿಸಿ ಅರ್ಧ ದಿನದಲ್ಲಿ ಸರಿಪಡಿಸಬಹುದಾಗಿದ್ದ ಕಿರಿದಾಗುವಿಕೆಗೆ ಒಂದು ಫಿಸ್ಟುಲಾವೇ ಬಲಿಯಾಗಿ, ಕತ್ತಿನಲ್ಲಿ ಕ್ಯಾತಿಟರ್ ಬಂದು ಕೂರುತ್ತದೆ. ಇದರಲ್ಲಿ ಒಬ್ಬ ನರ್ಸಿನ ಕಠೋರತೆಯನ್ನು ಹುಡುಕುವುದು ಅನ್ಯಾಯ. ಮೂತ್ರಪಿಂಡ ತಜ್ಞರು ಒಂದೆಡೆ, ಫಿಸ್ಟುಲಾ ಮಾಡಿದ ಶಸ್ತ್ರವೈದ್ಯರು ಇನ್ನೊಂದೆಡೆ, ಬಲೂನು ಹಾಕುವ ರೇಡಿಯಾಲಜಿಸ್ಟ್ ಮತ್ತೊಂದೆಡೆ ಇರುವ ವ್ಯವಸ್ಥೆಯಲ್ಲಿ, ಫೋನೆತ್ತಿದವರ ಕೈಯಲ್ಲಿ ಕರೆದು ಕೂರಿಸುವ ಅಧಿಕಾರವೇ ಇರುವುದಿಲ್ಲ. ಅಧಿಕಾರವಿಲ್ಲದವರು ಆತಂಕವನ್ನು ಸಮಾಧಾನದ ಮಾತಿನಿಂದ ತಣಿಸಲು ನೋಡುತ್ತಾರೆ. ಆದರೂ ಒಂದು ವಿಷಯವನ್ನು ಮನ್ನಿಸಲಾಗದು: ಎರಡನೆಯ ಸಲವೂ ಫೋನ್ ಮಾಡಿದವರು ದಾಖಲೆಯಲ್ಲಿ ‘ಹೇಳಿದ್ದು ಕೇಳದ ರೋಗಿ’ ಎಂದು ಗುರುತಾಗುತ್ತಾರೆ, ಆ ಗುರುತು ಅವರಿಗಿಂತ ಮುಂಚೆ ಮುಂದಿನ ಕೇಂದ್ರವನ್ನು ತಲಪುತ್ತದೆ.

ಸೂಜಿ ಹಾಕುವ ವಿಧಾನದ ಪ್ರಶ್ನೆಯಲ್ಲಿ ಈ ಬಿಕ್ಕಟ್ಟು ಇನ್ನೂ ಸ್ಪಷ್ಟವಾಗುತ್ತದೆ. ಪ್ರತಿ ಸಲವೂ ಜಾಗ ಬದಲಿಸುತ್ತ ಫಿಸ್ಟುಲಾದ ಉದ್ದಕ್ಕೂ ಏರಿ ಇಳಿಯುವುದಕ್ಕೆ ಹಗ್ಗದ ಏಣಿ ವಿಧಾನವೆಂದು ಹೆಸರು. ಪೋಲೆಂಡಿನ ವೈದ್ಯ ಝ್ಬಿಲುಟ್ ಟ್ವಾರ್ಡೋವ್ಸ್ಕಿ ಅವರು 1970ರ ದಶಕದಲ್ಲಿ ರೂಢಿಗೆ ತಂದ ಇನ್ನೊಂದು ವಿಧಾನದಲ್ಲಿ ಅದೇ ತೂತಿಗೆ, ಅದೇ ಕೋನದಲ್ಲಿ ಸೂಜಿ ಹಾಕುತ್ತ ಹೋದಂತೆ ಚರ್ಮದಿಂದ ನಾಳದವರೆಗೆ ಕಿವಿಯೋಲೆಯ ತೂತಿನಂಥ ಸುರಂಗವೊಂದು ಏರ್ಪಡುತ್ತದೆ, ಆಮೇಲೆ ಮೊಂಡು ಸೂಜಿಯೇ ಸಾಕಾಗುತ್ತದೆ. ಅಂಗಿಯ ಕಾಜಾಕ್ಕೆ ಹೋಲಿಸಿ ಇದನ್ನು ‘ಬಟನ್‌ಹೋಲ್’ ಎನ್ನುತ್ತಾರೆ. ಒಂದೇ ಕೈಯಿಂದ ತನಗೆ ತಾನೇ ಸೂಜಿ ಹಾಕಿಕೊಳ್ಳುವವರಿಗೆ ಇದು ವರದಾನ. ತೂತಿನ ಬಾಯಿಯ ಹಕ್ಕಳೆಯನ್ನು ಸರಿಯಾಗಿ ತೆಗೆಯದಿದ್ದರೆ ಅಲ್ಲಿನ ಕ್ರಿಮಿ ನೇರ ರಕ್ತಕ್ಕಿಳಿಯುತ್ತದೆ ಎಂಬ ಕಾರಣಕ್ಕೆ ಮಾರ್ಗಸೂಚಿ ಇದನ್ನು ವಿಶೇಷ ಸಂದರ್ಭಗಳಿಗೆ ಮಾತ್ರ ಮಿತಗೊಳಿಸಿತು. ಸೋಂಕಿನ ವರದಿಗಳನ್ನು ನೋಡಿದರೆ ಆ ಎಚ್ಚರಿಕೆ ನ್ಯಾಯವಾದದ್ದೇ. ಆದರೆ ಹಲವರ ಕೈ ಬೀಳುವ ಕೇಂದ್ರದ ಬಟನ್‌ಹೋಲಿಗೂ, ಒಬ್ಬರೇ ಒಂದೇ ಕೋನದಲ್ಲಿ ಶ್ರದ್ಧೆಯಿಂದ ಹಾಕಿಕೊಳ್ಳುವ ಮನೆಯ ಬಟನ್‌ಹೋಲಿಗೂ ಇರುವ ಅಂತರವನ್ನು ಗಮನಿಸದೆ ಇದನ್ನು ನಿಷೇಧವೆಂದೇ ಓದಿಕೊಂಡು, ವರ್ಷಗಳಿಂದ ತೊಂದರೆಯಿಲ್ಲದೆ ನಡೆಸಿದವರಿಗೂ ಬಿಡಿಸಲು ಹೊರಟರೆ, ಸೂಜಿಯ ಭಯಕ್ಕೆ ಮನೆ ಡಯಾಲಿಸಿಸ್ಸನ್ನೇ ಬಿಟ್ಟು ಕೇಂದ್ರಕ್ಕೆ ಮರಳುವಂತಾಗುತ್ತದೆ.

ಇಂಥ ಸನ್ನಿವೇಶದಲ್ಲಿ ರೋಗಿಗಳು ತಾವೇ ಕಂಡುಕೊಂಡ ಉಪಾಯಗಳಿವೆ. ತೋಳಿನ ಚಿತ್ರ ಬರೆದು, ರಕ್ತ ಹರಿಯುವ ದಿಕ್ಕು, ಆಳ, ಹಿಂದೆ ಬಾತುಕೊಂಡ ಜಾಗ, ಒಪ್ಪುವ ಸೂಜಿಯ ಅಳತೆ ಎಲ್ಲವನ್ನೂ ಗುರುತಿಸಿ ಜೊತೆಯಲ್ಲಿಟ್ಟುಕೊಳ್ಳುತ್ತಾರೆ. ರಕ್ತ ನಿಲ್ಲಲು ಹಿಡಿದ ನಿಮಿಷ, ಪಂಪಿನ ವೇಗ, ಒತ್ತಡ ಇವನ್ನು ದಿನವೂ ಬರೆದಿಟ್ಟು, ‘ಏನೋ ಸರಿಯಿಲ್ಲ’ ಎನ್ನುವ ಬದಲು ‘ಮೂರು ವಾರದಲ್ಲಿ ಇಷ್ಟು ಏರಿದೆ’ ಎಂದು ಹೇಳುತ್ತಾರೆ. ಎರಡು ಸಲ ತಪ್ಪಿದವರಿಗೆ ಮೂರನೆಯ ಸಲ ಕೈ ಕೊಡದೆ ಬೇರೊಬ್ಬರನ್ನು ಕರೆಯಿರೆಂದು ಕೇಳುತ್ತಾರೆ. ಇವೆಲ್ಲ ನಿಜವಾಗಿ ಫಲ ಕೊಡುವ ಕ್ರಮಗಳೇ. ಅಮೆರಿಕದ 2008ರ ನಿಯಮಗಳು, ಸೇಡಿನ ಭಯವಿಲ್ಲದೆ ದೂರು ಕೊಡುವ ಹಕ್ಕನ್ನೂ ಡಯಾಲಿಸಿಸ್ ರೋಗಿಗೆ ಬರೆದುಕೊಟ್ಟಿವೆ. ಆದರೆ ದೂರಿತ್ತ ಮರುದಿನ ಅದೇ ಸಿಬ್ಬಂದಿಯ ಮುಂದೆ ಅದೇ ಕೈ ಚಾಚಬೇಕಾದವರಿಗೆ ಆ ಹಕ್ಕು ಎಷ್ಟು ದಕ್ಕುತ್ತದೆ? ಮನೆ ಡಯಾಲಿಸಿಸ್ ರೋಗಿ ನ್ಯುಮೋನಿಯಾ ಬಂದು ಆಸ್ಪತ್ರೆ ಸೇರಿದರೆ, ಸಾವಿರ ಸಲ ತಾವೇ ಹಾಕಿಕೊಂಡ ಸೂಜಿಯನ್ನು ಅಲ್ಲಿ ಹಾಕಿಕೊಳ್ಳಲು ಎಷ್ಟೋ ಕಡೆ ಬಿಡುವುದಿಲ್ಲ. ಆ ತೋಳನ್ನು ಹಿಂದೆಂದೂ ನೋಡಿರದವರು ಬಂದು ಚುಚ್ಚುತ್ತಾರೆ. ಮನೆಯಲ್ಲಿ ಪ್ರಾಣವನ್ನೇ ಒಪ್ಪಿಸಿದ ಕೈಯನ್ನು ವಾರ್ಡಿನಲ್ಲಿ ನಂಬದಿರುವ ಈ ವಿರೋಧಾಭಾಸಕ್ಕೆ ಒಂದು ಸ್ಪಷ್ಟ ಶಿಫಾರಸು ಬೇಕಿತ್ತು.

ಕರ್ನಾಟಕದಲ್ಲಿ, ಭಾರತದ ಉಳಿದೆಡೆಯಂತೆ, ಮನೆ ಡಯಾಲಿಸಿಸ್ ಎಂದರೆ ಬಹುತೇಕ ಹೊಟ್ಟೆಯ ಪೊರೆಯನ್ನೇ ಜರಡಿಯಾಗಿ ಬಳಸುವ ಪೆರಿಟೋನಿಯಲ್ ವಿಧಾನ. ಮನೆಯಲ್ಲಿ ಸೂಜಿ ಹಾಕಿಕೊಳ್ಳುವವರು ತೀರ ವಿರಳ. ಆದರೂ ತಾಲ್ಲೂಕು ಆಸ್ಪತ್ರೆಗಳವರೆಗೆ ಡಯಾಲಿಸಿಸ್ ಬಂದಿರುವ ಈ ಹೊತ್ತಿನಲ್ಲಿ ಈ ಚರ್ಚೆ ದೂರದ್ದಲ್ಲ. ‘ಕತ್ತಿಗೆ ಪೈಪ್ ಹಾಕಿದ್ದಾರೆ’ ಎಂಬಲ್ಲಿಂದ ಚಿಕಿತ್ಸೆ ಶುರುವಾಗುವ ಇಲ್ಲಿನ ರೋಗಿಗಳಿಗೂ ಫಿಸ್ಟುಲಾ ಕೈಯೇ ಆಧಾರ. ಆ ಕೈಗೆ ಬಿಪಿ ಪಟ್ಟಿ ಕಟ್ಟಬೇಡಿ, ಅಲ್ಲಿಂದ ರಕ್ತ ತೆಗೆಯಬೇಡಿ ಎಂದು ಅವರೂ ಪ್ರತಿ ಹೊಸಬರಿಗೆ ಹೇಳಬೇಕಾಗುತ್ತದೆ, ಕೆಲವೊಮ್ಮೆ ಬೈಸಿಕೊಳ್ಳಬೇಕಾಗುತ್ತದೆ. ಸೂಜಿ ತಪ್ಪಿದಾಗ ಇಲ್ಲಿ ಕೇಳಿಬರುವ ಮಾತು ‘ನರ ಸಿಗುತ್ತಿಲ್ಲ’ ಎಂದು. ತಪ್ಪನ್ನು ನರದ ಮೇಲೆ ಹೊರಿಸುವ ಆ ಮಾತಿನೆದುರು, ಎಲ್ಲಿ ಸಿಗುತ್ತದೆಂದು ಬಲ್ಲ ರೋಗಿ ಬೆರಳಿಟ್ಟು ತೋರಿಸುತ್ತಿರುತ್ತಾರೆ.