ನಿಖಿಲಂ ಸೂತ್ರದ ವೇಗ ಮತ್ತು ಏಳನೆಯ ತರಗತಿಯ ಗಣಿತ

ಪುರಿಯ ಗೋವರ್ಧನ ಪೀಠದ ಶಂಕರಾಚಾರ್ಯರಾಗಿದ್ದ ಭಾರತೀಕೃಷ್ಣ ತೀರ್ಥರು 1960ರಲ್ಲಿ ದೇಹತ್ಯಾಗ ಮಾಡಿದ ಮೇಲೆ, 1965ರಲ್ಲಿ ಅಚ್ಚಾದ ‘ವೇದಿಕ್ ಮ್ಯಾಥಮ್ಯಾಟಿಕ್ಸ್’ ಎಂಬ ಇಂಗ್ಲಿಷ್ ಗ್ರಂಥಕ್ಕೆ ಶಾಲಾ ವಲಯದಲ್ಲಿ ದೊರೆತಿರುವ ಮನ್ನಣೆ ಅದರ ಯೋಗ್ಯತೆಯನ್ನು ಬಹಳವಾಗಿ ಮೀರಿದೆ. ಶೃಂಗೇರಿಯ ಸುತ್ತಲಿನ ಕಾಡಿನಲ್ಲಿ ಎಂಟು ವರ್ಷ ಧ್ಯಾನನಿರತರಾಗಿದ್ದು ಅವರು 16 ಸೂತ್ರಗಳನ್ನು ಕಂಡುಕೊಂಡರೆಂಬ ಕಥನವನ್ನು ಇಲ್ಲಿ ಬೆಳೆಸಬೇಕಾಗಿಲ್ಲ. ಆರರಿಂದ ಎಂಟನೆಯ ತರಗತಿಯವರೆಗಿನ ಮಕ್ಕಳು ಕಲಿಯಲೇಬೇಕಾದ ಗಣಿತಕ್ಕೆ ಈ ಸೂತ್ರಗಳಿಂದ ಏನು ಒದಗುತ್ತದೆ ಎಂಬುದಷ್ಟೇ ಇಲ್ಲಿನ ಪ್ರಶ್ನೆ. ಅದಕ್ಕೆ ಅವುಗಳಲ್ಲಿ ಅತಿ ಹೆಚ್ಚು ಮೆರೆಸಲಾಗುವ ‘ನಿಖಿಲಂ’ ಸೂತ್ರವೊಂದನ್ನೇ ಬಿಡಿಸಿ ನೋಡಿದರೆ ಸಾಕು.

97ನ್ನು 96ರಿಂದ ಗುಣಿಸಬೇಕೆಂದಾಗ ಈ ಸೂತ್ರವು 100ನ್ನು ಆಧಾರವಾಗಿ, ಅಂದರೆ ಎರಡೂ ಸಂಖ್ಯೆಗಳಿಗೆ ಹತ್ತಿರವಿರುವ ಹತ್ತರ ಘಾತವಾಗಿ, ಹಿಡಿಯುತ್ತದೆ. ಕೊರತೆಗಳು 3 ಮತ್ತು 4. 97ರಲ್ಲಿ 4ನ್ನು ಕಳೆದರೆ 93, ಕೊರತೆಗಳ ಗುಣಲಬ್ಧ 12. ಎರಡನ್ನೂ ಪಕ್ಕಪಕ್ಕದಲ್ಲಿ ಬರೆದರೆ 9312 ಎಂಬ ಸರಿಯುತ್ತರ ಬರುತ್ತದೆ. ನೋಡುವವರು ಬೆರಗಾಗುವುದು ಸಹಜ. ಆದರೆ ಅದೇ ಕ್ರಮದಲ್ಲಿ 99ನ್ನು 98ರಿಂದ ಗುಣಿಸುವ ಮಗು, ಎಡಕ್ಕೆ 97, ಬಲಕ್ಕೆ 2 ಎಂದು ಬರೆದು 972 ಎಂಬ ಉತ್ತರ ಕೊಟ್ಟರೆ, ಅದು ತಪ್ಪಿದ್ದು ಎಲ್ಲಿ? ಆಧಾರ 100 ಆಗಿರುವುದರಿಂದ ಬಲಭಾಗದಲ್ಲಿ ಎರಡು ಸ್ಥಾನಗಳಿರಬೇಕು, 2ನ್ನು 02 ಎಂದೇ ಬರೆಯಬೇಕು ಎಂಬುದು ಸ್ಥಾನಬೆಲೆಯ ಮಾತು. ಸೂತ್ರವನ್ನು ಬಾಯಿಪಾಠ ಮಾಡಿಸುವ ಕಲಿಕೆಯಲ್ಲಿ ಅದು ಇನ್ನೊಂದು ಆಜ್ಞೆಯಾಗಿ ಸೇರಿಕೊಳ್ಳುತ್ತದೆಯೇ ಹೊರತು ಕಾರಣವಾಗಿ ಕಾಣಿಸಿಕೊಳ್ಳುವುದಿಲ್ಲ. ನೂರರ ಹತ್ತಿರದ ಎರಡು ಸಂಖ್ಯೆಗಳ ಗುಣಲಬ್ಧ ಹತ್ತು ಸಾವಿರದ ಆಸುಪಾಸಿನಲ್ಲಿರಬೇಕೆಂದು ಅಂದಾಜು ಮಾಡಬಲ್ಲ ಮಗುವಿಗೆ 972 ಕಂಡ ಕೂಡಲೇ ಅನುಮಾನ ಬರುತ್ತದೆ. ಸೂತ್ರವನ್ನಷ್ಟೇ ಬಲ್ಲ ಮಗುವಿಗೆ ಬರುವುದಿಲ್ಲ.

ಇದಕ್ಕಿಂತ ದೊಡ್ಡ ನಷ್ಟ ಆ 12ರಲ್ಲಿದೆ. ಎರಡೂ ಸಂಖ್ಯೆಗಳು ನೂರಕ್ಕಿಂತ ಕಡಿಮೆಯಿರುವಾಗ ಕೊರತೆಗಳ ಗುಣಲಬ್ಧವನ್ನು ಕಳೆಯದೆ ಕೂಡಿಸುವುದೇಕೆ? ಬಾಹುವಿನ ಉದ್ದ 100 ಇರುವ ಚೌಕದ ಒಂದು ಅಂಚಿನಿಂದ 3 ಅಗಲದ ಪಟ್ಟಿಯನ್ನೂ ಪಕ್ಕದ ಅಂಚಿನಿಂದ 4 ಅಗಲದ ಪಟ್ಟಿಯನ್ನೂ ತೆಗೆದು ಲೆಕ್ಕ ಹಾಕಿದಾಗ, ಎರಡು ಪಟ್ಟಿಗಳೂ ಸಂಧಿಸುವ ಮೂಲೆಯ 3×4 ಆಯತವು ಎರಡು ಸಲ ಕಳೆದುಹೋಗಿರುತ್ತದೆ; ಆದ್ದರಿಂದ ಅದನ್ನು ಒಂದು ಸಲ ಮರಳಿ ಕೂಡಿಸಬೇಕಾಗುತ್ತದೆ. ಋಣಸಂಖ್ಯೆಯನ್ನು ಋಣಸಂಖ್ಯೆಯಿಂದ ಗುಣಿಸಿದರೆ ಧನಸಂಖ್ಯೆ ಬರುವುದರ ಕಾರಣವೂ, ಮುಂದೆ ಬೀಜಗಣಿತದಲ್ಲಿ ಎದುರಾಗುವ ನಿತ್ಯಸಮೀಕರಣದ, ಅಂದರೆ ಚರಾಕ್ಷರದ ಬೆಲೆ ಏನೇ ಇದ್ದರೂ ನಿಜವಾಗಿಯೇ ಉಳಿಯುವ ಸಮೀಕರಣದ, ಬೀಜವೂ ಈ ಒಂದು ಚಿತ್ರದಲ್ಲಿವೆ. ಏಳನೆಯ ತರಗತಿಯ ಗಣಿತವೆಂದರೆ ಇದು. ಸೂತ್ರವು ಇದನ್ನೆಲ್ಲ ಬಳಸಿಕೊಂಡು, ಮಗುವಿನ ಕಣ್ಣಿಗೆ ಬೀಳದಂತೆ ಮುಚ್ಚಿಡುತ್ತದೆ.

ವೇಗದ ಹೆಗ್ಗಳಿಕೆಯಾದರೂ ನಿಲ್ಲುತ್ತದೆಯೇ? 67ನ್ನು 43ರಿಂದ ಇದೇ ಆಧಾರದಲ್ಲಿ ಗುಣಿಸಹೊರಟರೆ ಕೊರತೆಗಳು 33 ಮತ್ತು 57 ಆಗಿ, ಮೊದಲಿನ ಲೆಕ್ಕದಷ್ಟೇ ತ್ರಾಸದ ಮತ್ತೊಂದು ಗುಣಾಕಾರ ಎದುರು ನಿಲ್ಲುತ್ತದೆ. ಪ್ರದರ್ಶನಗಳಲ್ಲಿ ಇಂಥ ಸಂಖ್ಯೆಗಳು ಅಪರೂಪ.

ವಿಮರ್ಶಕರ ಪಾಲೂ ಇಲ್ಲಿ ಸಣ್ಣದಲ್ಲ. ಈ ಸೂತ್ರಗಳು ಅಥರ್ವವೇದದ ಪರಿಶಿಷ್ಟಗಳಲ್ಲಿ ಇವೆಯೇ ಎಂಬ ವಾದಕ್ಕೆ ವ್ಯಯವಾದ ಕಾಗದಕ್ಕೆ ಲೆಕ್ಕವಿಲ್ಲ. ತಿಳಿದಿರುವ ಪರಿಶಿಷ್ಟಗಳಲ್ಲಿ ಅವು ಇಲ್ಲವೆಂಬುದನ್ನು ಗ್ರಂಥದ ಸಂಪಾದಕರಾದ ವಾಸುದೇವ ಶರಣ ಅಗ್ರವಾಲರೇ ಮುನ್ನುಡಿಯಲ್ಲಿ ಒಪ್ಪಿಕೊಂಡಿದ್ದರಿಂದ ಆ ವಾದ ಅಲ್ಲಿಗೇ ಮುಗಿಯಬಹುದಿತ್ತು. 1990ರ ದಶಕದಲ್ಲಿ ಗಣಿತಜ್ಞ ಎಸ್. ಜಿ. ದಾನಿಯವರು ಚರಿತ್ರೆಯ ಪ್ರಶ್ನೆಯ ಜೊತೆಗೆ ಗಣಿತದ ತಿರುಳಿನ ಪ್ರಶ್ನೆಯನ್ನೂ ಎತ್ತಿದ್ದರು; ಅವರನ್ನು ಅನುಸರಿಸಿದ ಹಲವರು ಮೊದಲನೆಯದನ್ನು ಹಿಡಿದು ಎರಡನೆಯದನ್ನು ಕೈಬಿಟ್ಟರು. ವೇದದಲ್ಲಿ ಇಲ್ಲ ಎಂಬ ಕಾರಣಕ್ಕೆ ಒಂದು ಲೆಕ್ಕದ ಕ್ರಮ ತ್ಯಾಜ್ಯವಾಗುವುದಿಲ್ಲ, ಇದ್ದ ಮಾತ್ರಕ್ಕೆ ಪಾಠವೂ ಆಗುವುದಿಲ್ಲ. ಈ ಜಗಳದಲ್ಲಿ ಎರಡು ಪಕ್ಷದವರೂ ಏಳನೆಯ ತರಗತಿಯೊಳಕ್ಕೆ ಹೆಜ್ಜೆಯಿಟ್ಟಂತೆ ತೋರುವುದಿಲ್ಲ.

ಪರಂಪರೆಯ ಹೆಮ್ಮೆಯೇ ಬೇಕಾದರೆ, ಕಾಲವೂ ಕರ್ತೃವೂ ಖಚಿತವಾಗಿರುವ ಕೃತಿಗಳಿಗೆ ಬರವಿಲ್ಲ. 1150ರಲ್ಲಿ ಭಾಸ್ಕರಾಚಾರ್ಯರು ರಚಿಸಿದ ‘ಲೀಲಾವತಿ’ಯಲ್ಲಿ 135ನ್ನು 12ರಿಂದ ಗುಣಿಸುವ ಒಂದೇ ಲೆಕ್ಕಕ್ಕೆ ಹಲವು ದಾರಿಗಳಿವೆ: 12ನ್ನು 8 ಮತ್ತು 4 ಎಂದು ಒಡೆದು ಗುಣಿಸಿ ಕೂಡಿಸಬಹುದು, ಇಲ್ಲವೇ 12ಕ್ಕೆ 8 ಸೇರಿಸಿ 20ರಿಂದ ಗುಣಿಸಿ, ಬಂದ 2700ರಲ್ಲಿ 135ರ ಎಂಟರಷ್ಟಾದ 1080ನ್ನು ಕಳೆದು 1620 ಪಡೆಯಬಹುದು. ಗುಣಾಕಾರವು ಸಂಕಲನದ ಮೇಲೆ ಹಂಚಿಕೆಯಾಗುವ ವಿಭಾಜಕ ಗುಣ ಇಲ್ಲಿ ಹೆಸರಿಲ್ಲದೆಯೂ ಬಯಲಿನಲ್ಲಿದೆ, ಮತ್ತು ಯಾವ ದಾರಿ ಹಿಡಿಯಬೇಕೆಂಬ ಆಯ್ಕೆ ಲೆಕ್ಕ ಮಾಡುವವನದು.

ನಿಖಿಲಂ ಸೂತ್ರಕ್ಕೆ ಶಾಲೆಯಲ್ಲಿ ಒಂದೇ ಒಂದು ಜಾಗವಿದೆ: ಬೀಜೋಕ್ತಿಗಳ ಗುಣಾಕಾರ ಕಲಿತಾದ ಮೇಲೆ, ಎಂಟನೆಯ ತರಗತಿಯ ಅಭ್ಯಾಸದ ಕೊನೆಯಲ್ಲಿ, ‘ಈ ಕ್ರಮ ಸರಿಯೆಂದು ಸಾಧಿಸಿ’ ಎಂಬ ಪ್ರಶ್ನೆಯಾಗಿ. ಅದಕ್ಕಿಂತ ಮೊದಲು ಅದನ್ನು ಕಲಿಸುವುದು ಮಗುವಿನ ಕಾಲಹರಣ.